ಬೇತಮಂಗಲಕ್ಕೆ ಒಂದು ದಿನ: ಜ್ವಾಲಾಮುಖಿ ಬಂಡೆ, ಪಾಲಾರ್ ಕೆರೆ, ಟೊಮೇಟೊ ಹೊಲ ಎಲ್ಲಾ ನೋಡ್ಕೊಂಡು ಬರೋದು ಹೇಗೆ

ಕೋಲಾರ ಕಡೆ ಟ್ರಿಪ್ ಅಂದ್ರೆ ಎಲ್ರದ್ದೂ ಒಂದೇ ರೂಟು. ಬೆಳಗ್ಗೆ ಅಂತರಗಂಗೆ, ಅಲ್ಲಿಂದ ಕೋಟಿಲಿಂಗ, ಆಮೇಲೆ ಕೆಜಿಎಫ್‌ನಲ್ಲಿ ಸೈನೈಡ್ ಗುಡ್ಡದ ಮುಂದೆ ನಾಲ್ಕು ಫೋಟೋ, ಸಾಯಂಕಾಲ ಹೈವೇಲಿ ಕಾಫಿ ಕುಡ್ಕೊಂಡು ವಾಪಸ್. ಬೇತಮಂಗಲ ಆ ದಾರೀಲಿ ಕಾರಿನ ಗಾಜಲ್ಲೇ ದಾಟಿಹೋಗೋ ಊರು. ನಾನು ಹೇಳೋದು ಇದನ್ನ ಉಲ್ಟಾ ಮಾಡಿ ಅಂತ, ಬೇತಮಂಗಲವನ್ನೇ ಇಟ್ಕೊಂಡು ಹೋಗಿ, ಉಳಿದಿದ್ದನ್ನ ಟೈಮ್ ಇದ್ರೆ ನೋಡಿ. ಯಾಕಂದ್ರೆ ಈ ಸೀಮೇಲಿ ಕಲ್ಲು, ಚಿನ್ನ, ನೀರು, ಬೆಳೆ ಇವು ನಾಲ್ಕೂ ಒಂದಕ್ಕೊಂದು ಗಂಟು ಹಾಕ್ಕೊಂಡಿವೆ, ಆ ಗಂಟು ನಿಧಾನಕ್ಕೆ ಓಡಾಡಿದ್ರೆ ಮಾತ್ರ ಕಾಣತ್ತೆ.

ಮೊದ್ಲೇ ಒಂದು ವಿಷಯ ಕ್ಲಿಯರ್ ಮಾಡ್ಬಿಡ್ತೀನಿ. ಜ್ವಾಲಾಮುಖಿ ಅಂದ ತಕ್ಷಣ ಬಾಯಿ ತೆರ್ಕೊಂಡಿರೋ ಬೆಟ್ಟ, ಹೊಗೆ, ಬಿಸಿನೀರಿನ ಬುಗ್ಗೆ ಹುಡುಕ್ಕೊಂಡು ಹೋಗ್ಬೇಡಿ, ಏನೂ ಸಿಗಲ್ಲ. ಇಲ್ಲಿ ಲಾವಾ ಹರಿದಿದ್ದು ಸುಮಾರು 270 ಕೋಟಿ ವರ್ಷದ ಹಿಂದೆ. ಆ ಲಾವಾ ಆಮೇಲೆ ನೆಲದ ಆಳಕ್ಕೆ ಹೋಗಿ, ಶಾಖಕ್ಕೆ ಬೆಂದು, ಒತ್ತಡಕ್ಕೆ ಮಡಿಚ್ಕೊಂಡು, ಈಗ ಕರಿಕಲ್ಲಿನ ಪಟ್ಟಿಯಾಗಿ ನಿಂತಿದೆ. ಉತ್ತರ ದಕ್ಷಿಣಕ್ಕೆ ಸುಮಾರು 80 ಕಿಲೋಮೀಟರ್ ಉದ್ದ, ಅಗಲ ಮಾತ್ರ ನಾಲ್ಕೈದು ಕಿಲೋಮೀಟರ್ ಅಷ್ಟೇ. ಕೋಲಾರದ ಚಿನ್ನ ಇದ್ದಿದ್ದು ಈ ಕರಿಕಲ್ಲಿನ ಸಂದೀಲಿ ಹಾದುಹೋಗಿರೋ ಬೆಣಚುಕಲ್ಲಿನ ಪಟ್ಟಿಗಳಲ್ಲಿ. ಪಟ್ಟಿಯ ಎರಡೂ ಕಡೆ ನಮ್ಮ ಮಾಮೂಲಿ ಬಿಳಿ ಬೂದು ಬಂಡೆ. ಬೇತಮಂಗಲ ಇರೋದು ಈ ಪಟ್ಟಿಯ ಪಕ್ಕದಲ್ಲೇ, ಪಾಲಾರ್ ನದಿ ದಂಡೇಲಿ.

ಸ್ಟೆಪ್ 1: ಹೋಗೋ ತಿಂಗಳು ಸರಿಯಾಗಿ ಆರಿಸ್ಕೊಳ್ಳಿ

ನವೆಂಬರ್‌ನಿಂದ ಜನವರಿ. ಬೇರೆ ಮಾತೇ ಇಲ್ಲ. ಕೋಲಾರ ಜಿಲ್ಲೇಲಿ ವರ್ಷವಿಡೀ ಹರಿಯೋ ನದಿ ಒಂದೂ ಇಲ್ಲ, ಬೀಳೋ ಮಳೇಲಿ ದೊಡ್ಡ ಪಾಲು ಸೆಪ್ಟೆಂಬರ್ ಅಕ್ಟೋಬರ್‌ನಲ್ಲೇ ಬೀಳತ್ತೆ, ಹಂಗಾಗಿ ಕೆರೇಲಿ ನೀರು ಅಂತ ಕಂಡ್ರೆ ಅದು ಮಳೆ ಮುಗಿದ ಮೇಲಿನ ಈ ತಿಂಗಳುಗಳಲ್ಲೇ. ಅದೇ ಹೊತ್ತಿಗೆ ರಾಗಿ ಕೊಯ್ಲು, ಕಣದಲ್ಲಿ ಮೆದೆ, ಡಿಸೆಂಬರ್ ಬಂದ್ರೆ ಸೊಗಡು ಅವರೆ. ಮಾವಿನ ಆಸೆ ಇದ್ರೆ ಮೇ ಜೂನ್, ಆದ್ರೆ ಆಗ ಕೆರೆ ಒಣಗಿರೋ ಚಾನ್ಸ್ ಜಾಸ್ತಿ, ಮಧ್ಯಾಹ್ನ ಬಂಡೆ ಮೇಲೆ ಕಾಲಿಡಕ್ಕೂ ಆಗಲ್ಲ. ಶಿವರಾತ್ರಿ ದಿನ ಈ ಕಡೆ ತಲೆನೇ ಹಾಕ್ಬೇಡಿ, ಕೋಟಿಲಿಂಗಕ್ಕೆ ಹೋಗೋ ವಾಹನಗಳಿಂದ ರೋಡೆಲ್ಲಾ ಜಾಮ್. ಶ್ರಾವಣ ಶನಿವಾರ ಬಂಗಾರು ತಿರುಪತಿ ಕಡೆನೂ ಇದೇ ಕಥೆ.

ಸ್ಟೆಪ್ 2: ಹೊರಡೋಕೆ ಮುಂಚೆ ಲಾಲ್‌ಬಾಗ್‌ಗೆ ಒಂದು ಸುತ್ತು

ಇದೇನಪ್ಪ ಅಂತ ನಗ್ಬೇಡಿ. ಬೆಂಗಳೂರಿಂದ ಹೋಗೋರು ಹಿಂದಿನ ವಾರ ಯಾವತ್ತಾದ್ರೂ ಲಾಲ್‌ಬಾಗ್ ಬಂಡೆ ಹತ್ತಿ, ಕೆಂಪೇಗೌಡ ಗೋಪುರ ಇರೋ ಅದೇ ಬಂಡೆ, ಅಲ್ಲಿ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯವರು ಇಟ್ಟಿರೋ ಬೋರ್ಡ್ ಇದೆ, ಸುಮಾರು 300 ಕೋಟಿ ವರ್ಷದ ಕಲ್ಲು ಅಂತ. ವಾಕಿಂಗ್ ಬರೋರು ಅದಕ್ಕೆ ಒರಗಿ ಶೂ ಲೇಸ್ ಕಟ್ಕೋತಾರೆ, ಓದೋರು ಕಮ್ಮಿ. ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಕರ್ನಾಟಕದಲ್ಲಿ ಅಂಥವು ಬೆರಳೆಣಿಕೆ, ಉಡುಪಿ ಹತ್ರ ಸೇಂಟ್ ಮೇರೀಸ್ ದ್ವೀಪದ ಕಂಬದ ಕಲ್ಲು, ಚಿತ್ರದುರ್ಗ ಹತ್ರ ಮರಡಿಹಳ್ಳಿಯ ದಿಂಬಿನಾಕಾರದ ಲಾವಾ, ಆಮೇಲೆ ನಮ್ಮ ಕೆಜಿಎಫ್ ಭಾಗದ ಪೆದ್ದಪಲ್ಲಿ ಬಂಡೆ. ಲಾಲ್‌ಬಾಗ್ ಬಂಡೇಲಿ ಬಿಳಿ ಮತ್ತು ಬೂದು ಗೆರೆಗಳು ಅಲೆಅಲೆಯಾಗಿ ಹೋಗಿರ್ತವೆ, ಅದನ್ನ ಹತ್ತು ನಿಮಿಷ ಸರಿಯಾಗಿ ನೋಡ್ಕೊಂಡಿದ್ರೆ ಕೆಜಿಎಫ್ ಕಡೆ ಕಲ್ಲಿನ ಬಣ್ಣ ಬದಲಾದ ಕೂಡ್ಲೇ ನಿಮಗೇ ಗೊತ್ತಾಗತ್ತೆ, ಯಾರೂ ತೋರಿಸೋದು ಬೇಡ.

ಸ್ಟೆಪ್ 3: ತಲುಪೋದು

ರೈಲಲ್ಲಿ ಹೋಗೋರಿಗೆ ಬಂಗಾರಪೇಟೆ ಜಂಕ್ಷನ್, ಬೆಂಗಳೂರಿಂದ ಸುಮಾರು 70 ಕಿಲೋಮೀಟರ್. ಅಲ್ಲಿಂದ ಮಾರಿಕುಪ್ಪಂಗೆ ಒಂದು ಸಣ್ಣ ಲೈನ್ ಹೋಗತ್ತೆ, ಗಣಿಗೋಸ್ಕರ ಹಾಕಿದ್ದು, ಕೋರಮಂಡಲ್, ಊರ್ಗಾಂ, ಚಾಂಪಿಯನ್ ಅಂತ ಸ್ಟೇಷನ್ ಹೆಸರುಗಳೇ ಗಣಿ ಹೆಸರುಗಳು. ಈ ಲೈನಲ್ಲಿ ಬೆಳಗ್ಗೆ ಜನ ತುಂಬ್ಕೊಂಡು ಹೋಗೋದು ಕೆಜಿಎಫ್‌ನಿಂದ ಬೆಂಗಳೂರಿಗೆ. ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿದ ಮೇಲೆ ಆ ಊರಿನ ದುಡಿಮೆ ಎಲ್ಲಾ ರೈಲು ಹತ್ತಿ ಬೆಂಗಳೂರಿಗೆ ಬಂತು. ನೀವು ಬೆಳಗ್ಗೆ ಅದರ ಎದುರು ದಿಕ್ಕಲ್ಲಿ ಹೋಗ್ತೀರ ಅಂದ್ಮೇಲೆ ಆರಾಮಾಗಿ ಕಿಟಕಿ ಸೀಟು ಸಿಗತ್ತೆ. ಕೆಜಿಎಫ್‌ನ ಪೇಟೆ ಭಾಗ ರಾಬರ್ಟ್‌ಸನ್‌ಪೇಟೆ, ಅಲ್ಲಿನ ಬಸ್ ಸ್ಟ್ಯಾಂಡಿಂದ ಬೇತಮಂಗಲಕ್ಕೆ ಬಸ್ಸು ಇವೆ, ಮುಳಬಾಗಿಲು ಬಸ್ಸು ಅಥವಾ ವಿ. ಕೋಟ ಬಸ್ಸು ಬೇತಮಂಗಲದ ಮೇಲೆ ಹೋಗತ್ತಾ ಅಂತ ಕಂಡಕ್ಟರ್‌ನ ಕೇಳಿ ಹತ್ಕೊಳ್ಳಿ.

ಕಾರಿದ್ರೆ ಹೊಸಕೋಟೆಯಿಂದ ಚೆನ್ನೈ ಎಕ್ಸ್‌ಪ್ರೆಸ್‌ವೇ ಈಗ ಬೇತಮಂಗಲ ಕಡೆವರೆಗೂ ಬಂದಿದೆ, ಬೇಗ ಹೋಗ್ಬಹುದು. ಆದ್ರೆ ಬೇಗ ಹೋಗಿ ಏನ್ ಮಾಡ್ತೀರ, ಎರಡೂ ಕಡೆ ಬೇಲಿ ಬಿಟ್ರೆ ಏನೂ ಕಾಣಲ್ಲ. ಹೋಗ್ತಾ ಕೋಲಾರ, ಬಂಗಾರಪೇಟೆ ಮೇಲೆ ಹಳೇ ರೋಡಲ್ಲಿ ಹೋಗಿ, ಬರ್ತಾ ಸುಸ್ತಾಗಿರತ್ತೆ, ಆಗ ಎಕ್ಸ್‌ಪ್ರೆಸ್‌ವೇ ಹಿಡೀರಿ. ಬೈಕಿನವರಿಗೆ ಎಕ್ಸ್‌ಪ್ರೆಸ್‌ವೇಲಿ ಅವಕಾಶ ಇಲ್ಲ, ಅವರಿಗೆ ಹೆಂಗೂ ಹಳೇ ರೋಡೇ ಗತಿ, ಅದೇ ಚೆನ್ನಾಗಿರೋದು ಬಿಡಿ.

ಸ್ಟೆಪ್ 4: ತಿಂಡಿ ಮುಗಿಸಿ ಸೀದಾ ಕೆರೆ ಏರಿ

ಊರಲ್ಲಿ ಸಣ್ಣ ಹೋಟೆಲುಗಳು, ಇಡ್ಲಿ, ಪೂರಿ, ಚಿತ್ರಾನ್ನ ಬಿಸಿ ಇರೋವಾಗ್ಲೇ ತಿಂದ್ಬಿಡಿ. ಮುಳಬಾಗಿಲು ಮೇಲೆ ಬರೋರು ಅಲ್ಲೇ ದೋಸೆ ತಿನ್ಕೊಂಡು ಬನ್ನಿ. ಮುಳಬಾಗಿಲು ದೋಸೆ ಅಂದ್ರೆ ಪೇಪರ್ ಥರ ತೆಳ್ಳಗಿರಲ್ಲ, ಸಣ್ಣದು, ದಪ್ಪ, ತಳ ಗರಿಗರಿ, ಒಳಗೆ ಮೆತ್ತಗೆ.

ಕೆರೆ ಏರಿ ಮೇಲೆ ಬೆಳಗ್ಗೆನೇ ನಡೀಬೇಕು, ಬಿಸಿಲೇರಿದ ಮೇಲೆ ಅಲ್ಲ. ಇದು ಬರೀ ಕೆರೆ ಅಲ್ಲ, ಪಾಲಾರ್ ನದಿಯನ್ನೇ ಅಡ್ಡ ಕಟ್ಟಿ ನಿಲ್ಲಿಸಿರೋದು. ನೀರಿದ್ದಾಗ ಏರಿ ಮೇಲೆ ನಿಂತು ನೋಡಿದ್ರೆ ಆ ಕಡೆ ದಡ ಕಣ್ಣಿಗೆ ಸಿಗೋದೇ ಕಷ್ಟ. ಪಾಲಾರ್ ಅಂದ್ರೆ ತಮಿಳುನಾಡಿನ ನದಿ ಅಂತ ತುಂಬಾ ಜನ ಅಂದ್ಕೊಂಡಿದಾರೆ, ಹುಟ್ಟೋದು ನಮ್ಮ ಕಡೆನೇ, ಕೋಲಾರದ ಕೆರೆಗಳನ್ನ ಒಂದೊಂದಾಗಿ ತುಂಬ್ಕೊಂಡು ಬೇತಮಂಗಲಕ್ಕೆ ಬಂದು, ಇಲ್ಲಿ ಕೋಡಿ ಹರಿದ್ರೆ ಕೆಳಗೆ ರಾಮಸಾಗರ ಕೆರೆ, ಅದು ತುಂಬಿದ್ರೆ ಆಂಧ್ರ, ಆಮೇಲೆ ವಾಣಿಯಂಬಾಡಿ, ವೆಲ್ಲೂರು. 1892ರಲ್ಲಿ ಮದ್ರಾಸ್ ಮತ್ತು ಮೈಸೂರು ಸರ್ಕಾರಗಳ ಮಧ್ಯೆ ಆದ ನೀರಿನ ಒಪ್ಪಂದ ಇದ್ಯಲ್ಲ, ಅದರಲ್ಲಿ ಕಾವೇರಿ ಜೊತೆಗೆ ಈ ಪಾಲಾರ್ ಕೂಡ ಇದೆ. ಕಾವೇರಿ ಅಂದ್ರೆ ಬಂದ್ ಆಗತ್ತೆ, ಪಾಲಾರ್ ಅಂದ್ರೆ ಯಾವ ಪಾಲಾರ್ ಅಂತ ಕೇಳ್ತಾರೆ, ನಮ್ಮ ಜಿಲ್ಲೆಯ ಹಣೆಬರಹ.

ಏರಿ ಹತ್ರನೇ ಹಳೇ ವಾಟರ್ ವರ್ಕ್ಸ್ ಇದೆ. ಇಪ್ಪತ್ತನೇ ಶತಮಾನದ ಶುರುವಲ್ಲಿ ಮೈಸೂರು ಸರ್ಕಾರ ಗಣಿಗೆ ಅಂತ ಮಾಡಿದ ಏರ್ಪಾಡು. ಅದೇ ಕಾಲಕ್ಕೆ, 1902ರಲ್ಲಿ, ಶಿವನಸಮುದ್ರದಿಂದ ಕೆಜಿಎಫ್‌ಗೆ ಕರೆಂಟು ಬಂತು ಅನ್ನೋದು ಎಲ್ರಿಗೂ ಗೊತ್ತು, ಸ್ಕೂಲ್ ಪುಸ್ತಕದಲ್ಲೂ ಬಂದಿದೆ. ಆದ್ರೆ ಆ ಸಾವಿರಾರು ಜನ ಕುಡಿಯೋ ನೀರು ಎಲ್ಲಿಂದ ಬರ್ತಿತ್ತು ಅಂದ್ರೆ ಈ ಕೆರೆಯಿಂದ. ಮೂರು ಕಿಲೋಮೀಟರ್‌ಗಿಂತ ಆಳಕ್ಕೆ ಇಳಿದು, ಕಲ್ಲೇ ಸುಡೋವಷ್ಟು ಬಿಸಿ ಇರೋ ಕಡೆ ಕೆಲಸ ಮಾಡಿ ಮೇಲೆ ಬಂದೋರ ಮನೆ ಕೊಡದಲ್ಲಿ ಇದ್ದಿದ್ದು ಬೇತಮಂಗಲದ ನೀರು. ಒಳಗೆ ಹೋಗ್ಬೇಕಂದ್ರೆ ಗೇಟಲ್ಲಿ ಇರೋರನ್ನ ಕೇಳಿ, ಬಿಟ್ರೆ ಹೋಗಿ, ಬಿಡದಿದ್ರೆ ಏರಿ ಮೇಲಿಂದ ನೋಡಿ ಸಾಕು. ನೀರಿಗೆ ಮಾತ್ರ ಇಳೀಬೇಡಿ, ಕೆರೆ ಹೂಳು ಕಾಲು ಇಟ್ಟ ಮೇಲೇ ಗೊತ್ತಾಗೋದು.

ಊರಿನ ಹಳೇ ಹೆಸರು ವಿಜಯಾದಿತ್ಯಮಂಗಲ, ಊರೊಳಗಿನ ಹಳೇ ದೇವಸ್ಥಾನ ವಿಜಯೇಂದ್ರ ಸ್ವಾಮಿದು. ಏರಿಯಿಂದ ಇಳಿದು ಬರ್ತಾ ಒಂದು ಕೈಮುಗಿದು ಬನ್ನಿ, ಬೆಳಗ್ಗೆ ಬಾಗಿಲು ತೆಗೆದಿರೋ ಹೊತ್ತು.

ಸ್ಟೆಪ್ 5: ಬಂಡೆ ನೋಡೋದು (ಇದಕ್ಕೇ ಜಾಸ್ತಿ ಟೈಮ್ ಕೊಡಿ)

ಪೆದ್ದಪಲ್ಲಿ ಅಂತ ಮ್ಯಾಪಲ್ಲಿ ಹಾಕಿದ್ರೆ ತೆಲಂಗಾಣದ ಪೆದ್ದಪಲ್ಲಿಗೆ ಕರ್ಕೊಂಡು ಹೋಗತ್ತೆ, ಅದಕ್ಕೆ ಮನೇಲೇ ಕೂತು ಕೋಲಾರ ಜಿಲ್ಲೆ ಅಂತ ಸೇರಿಸಿ ಹುಡುಕಿ ಪಿನ್ ಹಾಕಿಟ್ಕೊಳ್ಳಿ. ಕೊನೇ ಸ್ವಲ್ಪ ದೂರ ಊರವರನ್ನ ಕೇಳ್ಕೊಂಡೇ ಹೋಗ್ಬೇಕು. ಇಲ್ಲಿ ಜಿಯಾಲಜಿ ಸ್ಮಾರಕ ಎಲ್ಲಿ ಅಂತ ಕೇಳಿದ್ರೆ ಮುಖ ಮುಖ ನೋಡ್ತಾರೆ, ಗವರ್ನಮೆಂಟ್ ಬೋರ್ಡ್ ಹಾಕಿರೋ ಬಂಡೆ ಅಂತ ಕೇಳಿ. ಕಲ್ಲು ನೋಡ್ತಾ ಸುಮ್ನೆ ನಿಂತ್ರೆ ಖಂಡಿತ ಯಾರಾದ್ರೂ ಬಂದು ಕೇಳ್ತಾರೆ, "ಏನಣ್ಣ, ಬೋರ್ ಪಾಯಿಂಟಾ?" ಅಂತ, ಇಲ್ಲಾಂದ್ರೆ ಕ್ವಾರಿಯೋರಾ ಅಂತ. ಕ್ವಾರಿ ಅಂದ್ಕೊಂಡ್ರೆ ಮಾತಿನ ಧಾಟಿನೇ ಬದಲಾಗತ್ತೆ, ಅದಕ್ಕೆ ಮೊದ್ಲೇ ಹೇಳ್ಬಿಡಿ, ಕಲ್ಲು ನೋಡಕ್ಕೆ ಬಂದಿದೀವಿ ತಾತ, ತಗೊಂಡು ಹೋಗಕ್ಕಲ್ಲ ಅಂತ.

ಈಗ ನೋಡೋದು ಹೇಗೆ. ಜ್ವಾಲಾಮುಖಿ ಸಿಡಿದಾಗ ಬರೀ ಲಾವಾ ಬರಲ್ಲ, ಬೂದಿ ಬರತ್ತೆ, ಒಡೆದ ಕಲ್ಲಿನ ಚೂರುಗಳು ಹಾರಿ ಬೀಳ್ತವೆ, ಅವೆಲ್ಲಾ ಕೂಡಿ ಗಟ್ಟಿಯಾಗಿ ಒಂದು ಕಲ್ಲಾಗತ್ತೆ. ಪೆದ್ದಪಲ್ಲೀಲಿ ಇರೋದು ಅದು. ದೂರದಿಂದ ನೋಡಿದ್ರೆ ಮಾಮೂಲಿ ಬಂಡೆ, ಇಷ್ಟೇನಾ ಅನ್ಸತ್ತೆ. ಹತ್ರ ಹೋಗಿ ಮೊಣಕಾಲೂರಿ ಕೂತ್ಕೊಳ್ಳಿ, ಬಾಟಲಿಂದ ಸ್ವಲ್ಪ ನೀರು ಕಲ್ಲಿನ ಮೇಲೆ ಚಿಮುಕಿಸಿ ಕೈಯಲ್ಲಿ ಸವರಿ. ಒಣಗಿದ್ದಾಗ ಎಲ್ಲಾ ಒಂದೇ ಬೂದು ಬಣ್ಣದಲ್ಲಿದ್ದ ಕಲ್ಲಲ್ಲಿ, ನೀರು ಬಿದ್ದ ಕೂಡ್ಲೇ ಚೂರುಗಳ ಅಂಚು ಎದ್ದು ಕಾಣತ್ತೆ, ಬಿಳೀದು, ಕರೀದು, ಕಡ್ಲೆಬೀಜದ ಚಿಕ್ಕಿ ಮುರಿದು ನೋಡಿದ ಹಾಗೆ. ಕೆಲವು ಚೂರು ಒಂದೇ ದಿಕ್ಕಿಗೆ ಎಳೆದ ಹಾಗೆ ಉದ್ದುದ್ದ ಇರ್ತವೆ, ಅದು ಸಿಡಿದಾಗ ಆಗಿದ್ದಲ್ಲ, ಆಮೇಲೆ ನೆಲದೊಳಗೆ ಒತ್ತಡಕ್ಕೆ ಸಿಕ್ಕಿ ಆಗಿದ್ದು. ನೀರು ಒಣಗಕ್ಕೆ ಎರಡು ನಿಮಿಷ, ಅಷ್ಟರಲ್ಲಿ ಫೋಟೋ ತೆಗೀಬೇಕು, ಪಕ್ಕದಲ್ಲಿ ಒಂದು ಪೆನ್ನೋ ಕಾಯಿನ್ನೋ ಇಡಿ, ಇಲ್ಲಾಂದ್ರೆ ಆಮೇಲೆ ಸೈಜೇ ಗೊತ್ತಾಗಲ್ಲ. ಬಿಸಿಲು ಓರೆಯಾಗಿ ಬೀಳೋ ಹೊತ್ತು ಬೆಸ್ಟ್, ನೆತ್ತಿ ಮೇಲಿನ ಬಿಸಿಲಲ್ಲಿ ಎಲ್ಲಾ ಚಪ್ಪಟೆ ಕಾಣತ್ತೆ.

ಸ್ಮಾರಕದ ಹೆಸರಲ್ಲಿ ದಿಂಬು ಲಾವಾನೂ ಇದೆ. ನೀರೊಳಗೆ ಲಾವಾ ಉಕ್ಕಿದ್ರೆ ಹೊರಮೈ ತಕ್ಷಣ ಗಟ್ಟಿಯಾಗಿ ದಿಂಬು ದಿಂಬಾಗಿ ಒಂದರ ಮೇಲೊಂದು ಕೂತ್ಕೊಳತ್ತೆ. ಅಂದ್ರೆ ಇವತ್ತು ಸಾವಿರ ಅಡಿ ಬೋರು ಕೊರೆದ್ರೂ ನೀರು ಸಿಗುತ್ತೋ ಇಲ್ವೋ ಅನ್ನೋ ಈ ಜಾಗದಲ್ಲಿ ಒಂದು ಕಾಲಕ್ಕೆ ಕಾಲಿಟ್ಟಲ್ಲೆಲ್ಲಾ ನೀರೇ.

ಸುತ್ತಿಗೆ ತಗೊಂಡು ಹೋಗ್ಬೇಡಿ. ಸ್ಯಾಂಪಲ್ ಅಂತ ಒಂದು ಚೂರು ಕೂಡ ಒಡೀಬೇಡಿ, ಹೆಸರು ಗೀಚೋದಂತೂ ಬೇಡವೇ ಬೇಡ. ಕರಿಕಲ್ಲು ಬೇಕೇ ಬೇಕು ಅಂದ್ರೆ ರಸ್ತೆ ಪಕ್ಕ ಜಲ್ಲಿ ರಾಶೀಲೇ ಬೇಕಾದಷ್ಟು ಇರತ್ತೆ, ಅಲ್ಲಿರೋರನ್ನ ಕೇಳಿ ಒಂದು ತಗೊಳ್ಳಿ.

ಸ್ಟೆಪ್ 6: ಹೊಲದ ಕಡೆ

ಕಲ್ಲು ನೋಡಿ ಆಯ್ತು, ಈಗ ಕಣ್ಣು ಸ್ವಲ್ಪ ಮೇಲೆತ್ತಿ. ಟೊಮೇಟೊ, ರಾಗಿ, ಹಿಪ್ಪುನೇರಳೆ, ಮಧ್ಯೆ ನೀಲಗಿರಿ ತೋಪು, ಬೇಲಿಗೆ ಕಲ್ಲುಕೂಚ. ಟೊಮೇಟೊ ಗಿಡ ನೆಲದ ಮೇಲೆ ಬಿಡಲ್ಲ, ಕೋಲು ನೆಟ್ಟು ದಾರ ಎಳೆದು ಕಟ್ಟಿರ್ತಾರೆ, ಬುಡಕ್ಕೆ ಡ್ರಿಪ್ ಪೈಪು. ಕೀಳೋ ದಿನ ಬೆಳಗ್ಗೆ ಹೋದ್ರೆ ಹೊಲದ ಬದುಲಿ ಬಾಕ್ಸ್ ಜೋಡಿಸ್ತಿರ್ತಾರೆ, ಬಾಕ್ಸ್ ಅಂದ್ರೆ 15 ಕೆಜಿ, ಇಲ್ಲಿ ರೇಟು ಯಾವಾಗ್ಲೂ ಬಾಕ್ಸ್ ಲೆಕ್ಕ, ಕೆಜಿ ಲೆಕ್ಕ ಪೇಟೆಯೋರಿಗೆ. 2023ರ ಜುಲೈಯಲ್ಲಿ ಕೋಲಾರ ಮಾರ್ಕೆಟ್ಟಲ್ಲಿ ಬಾಕ್ಸು ಎರಡು ಸಾವಿರ ದಾಟಿತ್ತು, ಹೊಲದಲ್ಲೇ ಕಾವಲು ಕೂತಿದ್ರು. ಅದೇ ಬಾಕ್ಸು ಬೇರೆ ವರ್ಷ ಕಿತ್ತ ಕೂಲಿನೂ ಹುಟ್ಟದೆ ರಸ್ತೆಗೆ ಸುರಿದಿದ್ದೂ ಇದೆ. ಹಂಗಾಗಿ ರೈತರ ಹತ್ರ ಮಾತಾಡುವಾಗ "ಈಗ ರೇಟ್ ಚೆನ್ನಾಗಿದೆ ಅಲ್ವಾ" ಅಂತ ಶುರು ಮಾಡ್ಬೇಡಿ, "ಬೋರು ಹೆಂಗಿದೆ ಅಣ್ಣ" ಅಂತ ಕೇಳಿ, ಮಾತು ತಾನಾಗೇ ಬರತ್ತೆ, ನೀವೇ ಸಾಕು ಅನ್ನೋವರೆಗೂ.

ಹೊಲಕ್ಕೆ ಕೇಳದೆ ಕಾಲಿಡ್ಬೇಡಿ. ಸಂಜೆ ಔಷಧಿ ಹೊಡೆದಿರೋ ಗಿಡದಿಂದ ಹಣ್ಣು ಕಿತ್ತು ಬಾಯಿಗೆ ಹಾಕ್ಕೊಳ್ಳೋದು ಇನ್ನೂ ಕೆಟ್ಟದು. ಡ್ರೋನ್ ಹಾರಿಸೋರು ಒಂದು ಮಾತು ಕೇಳಿ ಹಾರಿಸಿ, ಹಸು ಬೆದರಿ ಹಗ್ಗ ಕಿತ್ಕೊಂಡು ಓಡಿದ್ರೆ ಹಿಡಿಯೋರು ನೀವಲ್ಲ.

ರೇಷ್ಮೆ ಹುಳ ಮನೆ ನೋಡೋ ಅವಕಾಶ ಸಿಕ್ರೆ ಬಿಡ್ಬೇಡಿ, ಆದ್ರೆ ರೂಲ್ಸ್ ಇದೆ. ಸೆಂಟು, ಬಾಡಿ ಸ್ಪ್ರೇ ಹಾಕ್ಕೊಂಡು ಹೋಗೋ ಹಾಗಿಲ್ಲ. ಬೀಡಿ, ಸಿಗರೇಟು, ಹೊಗೆಸೊಪ್ಪು ಮುಟ್ಟಿದ ಕೈ ಅಂದ್ರೆ ಬಾಗಿಲಲ್ಲೇ ನಿಲ್ಲಿಸ್ತಾರೆ, ಹುಳಕ್ಕೆ ಅದು ವಿಷ. ಚಪ್ಪಲಿ ಹೊರಗೆ, ಕೈ ಕಾಲು ತೊಳ್ಕೊಂಡು ಒಳಗೆ. ಈ ಕಡೆ ಹುಳ ಪೊರೆ ಬಿಡೋದಕ್ಕೆ ಜ್ವರ ಅಂತಾರೆ, "ಮೂರನೇ ಜ್ವರ ಎದ್ದಿದೆ, ಸೊಪ್ಪು ಸಾಲ್ತಾ ಇಲ್ಲ" ಅಂದ್ರೆ ಗಾಬರಿ ಆಗ್ಬೇಡಿ, ಹುಳ ಚೆನ್ನಾಗೇ ಇದೆ ಅಂತ ಅರ್ಥ. ಜ್ವರದಲ್ಲಿರೋ ಹುಳ ತಲೆ ಎತ್ಕೊಂಡು ಅಲ್ಲಾಡದೆ ನಿಂತಿರತ್ತೆ, ಸೊಪ್ಪು ಮುಟ್ಟಲ್ಲ. ಎದ್ದ ಮೇಲೆ, ಅದ್ರಲ್ಲೂ ನಾಲ್ಕನೇ ಜ್ವರ ಆದ್ಮೇಲೆ, ಮನೆ ತುಂಬಾ ಸಣ್ಣ ಮಳೆ ಬಂದಂಗೆ ಸೊಪ್ಪು ತಿನ್ನೋ ಸದ್ದು. ಆವಾಗ ಮನೆಯೋರಿಗೆ ಉಸಿರಾಡಕ್ಕೂ ಪುರುಸೊತ್ತು ಇರಲ್ಲ, ಹತ್ತು ನಿಮಿಷ ನೋಡಿ, ಥ್ಯಾಂಕ್ಸ್ ಹೇಳಿ, ಹೊರಡಿ.

ಸ್ಟೆಪ್ 7: ಊಟ

ಮುದ್ದೆ ಸಿಗೋ ಹೋಟೆಲ್ ಹುಡುಕಿ. ಅವರೆ ಸೀಸನ್ ಆದ್ರೆ ಅವರೆಕಾಳು ಸಾರು, ಅದೃಷ್ಟ ಇದ್ರೆ ಹಿತಕಿದ ಬೇಳೆ ಸಾರು. ಇಲ್ಲದಿದ್ರೆ ಬಸ್ಸಾರು, ಹುರುಳಿ ಸಾರು. ನೀರು ಮನೆಯಿಂದ ತಗೊಂಡು ಹೋಗಿ ಇಲ್ಲಾ ಕ್ಯಾನ್ ನೀರು ಕುಡೀರಿ, ಈ ಜಿಲ್ಲೆಯ ಆಳದ ಬೋರ್ ನೀರಲ್ಲಿ ಫ್ಲೋರೈಡ್ ಸಮಸ್ಯೆ ಹಳೇದು.

ಸ್ಟೆಪ್ 8: ಮಧ್ಯಾಹ್ನಕ್ಕೆ ಒಂದೇ ಜಾಗ

ನಾಲ್ಕು ಆಪ್ಷನ್ ಇವೆ, ನಾಲ್ಕನ್ನೂ ಮುಗಿಸಕ್ಕೆ ಹೋದ್ರೆ ಯಾವುದೂ ನೋಡ್ದಂಗೆ ಆಗಲ್ಲ.

ಕಮ್ಮಸಂದ್ರದ ಕೋಟಿಲಿಂಗೇಶ್ವರ, 108 ಅಡಿ ಲಿಂಗ, ಸುತ್ತ ಎಣಿಸಕ್ಕಾಗದಷ್ಟು ಸಣ್ಣ ಲಿಂಗಗಳು. ಮನೇಲಿ ದೊಡ್ಡೋರು, ಮಕ್ಕಳು ಜೊತೆಗಿದ್ರೆ ಇದೇ ಸರಿ, ಒಂದು ಸಲ ನೋಡಿದ್ರೆ ಸಾಕು.

ಗುಟ್ಟಹಳ್ಳಿಯ ಬಂಗಾರು ತಿರುಪತಿ, ಇಲ್ಲಿ ವೆಂಕಟರಮಣನನ್ನ ಆರು ಕಿಂಡಿ ಇರೋ ಕಿಟಕಿಯಿಂದ ನೋಡ್ಬೇಕು. ಬೇತಮಂಗಲದಿಂದ ಮುಳಬಾಗಿಲು ಕಡೆ ಹೋಗೋ ದಾರೀಲಿ ಸಿಗತ್ತೆ.

ನನ್ನ ಕೇಳಿದ್ರೆ ಆವನಿ. ನೊಳಂಬರ ಕಾಲದ, ಹತ್ತನೇ ಶತಮಾನದ ದೇವಸ್ಥಾನಗಳು ಒಂದೇ ಪ್ರಾಕಾರದಲ್ಲಿ, ರಾಮಲಿಂಗೇಶ್ವರ, ಲಕ್ಷ್ಮಣೇಶ್ವರ, ಭರತೇಶ್ವರ, ಶತ್ರುಘ್ನೇಶ್ವರ ಅಂತ ಅಣ್ಣತಮ್ಮಂದಿರು ಪಕ್ಕಪಕ್ಕದಲ್ಲಿ. ವಾಲ್ಮೀಕಿ ಆಶ್ರಮ ಇಲ್ಲಿತ್ತು, ಲವಕುಶರು ಹುಟ್ಟಿದ್ದು ಇಲ್ಲೇ ಅಂತ ಊರವರು ಹೇಳ್ತಾರೆ, ಬೆಟ್ಟದ ಮೇಲೆ ಸೀತೆಯ ಗುಡಿ ಇದೆ. ಬೆಟ್ಟ ಹತ್ತುವಾಗ ಕಾಲ ಕೆಳಗಿನ ಕಲ್ಲು ನೋಡಿ, ಬೆಳಗ್ಗೆ ನೋಡಿದ ಕರಿಕಲ್ಲಲ್ಲ ಇದು, ಲಾಲ್‌ಬಾಗ್ ಕಡೆಯ ನೆಂಟ.

ಕೊನೇದು ಕೆಜಿಎಫ್. ಜಾನ್ ಟೇಲರ್ ಕಂಪನಿ 1880ರಲ್ಲಿ ಕೈಹಾಕಿದಾಗಿಂದ ಮುಚ್ಚೋವರೆಗೆ 800 ಟನ್‌ಗೂ ಜಾಸ್ತಿ ಚಿನ್ನ ಹೋಗಿದೆ ಇಲ್ಲಿಂದ. ಉಳಿದಿರೋದು ಸೈನೈಡ್ ಗುಡ್ಡ, ಕಲ್ಲು ಅರೆದು ಚಿನ್ನ ತೆಗೆದ ಮೇಲೆ ಬಿಟ್ಟ ಪುಡಿ. ಅದರ ಮೇಲೆ ಹತ್ತಬೇಡಿ, ಮಕ್ಕಳನ್ನಂತೂ ಹತ್ರಕ್ಕೂ ಬಿಡಬೇಡಿ, ಗಾಳಿ ಬೀಸಿದಾಗ ಆ ಧೂಳು ಕಣ್ಣು, ಮೂಗಿಗೆ ಹೋಗತ್ತೆ. ಅಲ್ಲಿನ ಜನ ಆ ಧೂಳನ್ನ ವರ್ಷಗಟ್ಲೆ ತಿಂದಿದಾರೆ, ನೀವು ಅದರ ಮುಂದೆ ಸಿನಿಮಾ ಡೈಲಾಗ್ ಹೊಡೆದು ರೀಲ್ಸ್ ಮಾಡಿದ್ರೆ ಏನನ್ಸತ್ತೆ ಅವರಿಗೆ ಅಂತ ಒಂದು ಕ್ಷಣ ಯೋಚನೆ ಮಾಡಿ. ಮುಚ್ಚಿರೋ ಗಣಿ ಬಾಯಿ, ಶೆಡ್ಡುಗಳ ಒಳಗೆ ನುಗ್ಗೋದು ಅಪಾಯ. ರಸ್ತೇಲೇ ನಿಂತು ನೋಡಿದ್ರೂ ಹಳೇ ಬಂಗಲೆ, ಚರ್ಚು, ಕಾರ್ಮಿಕರ ಲೈನ್ ಮನೆಗಳು ಎಲ್ಲಾ ಕಾಣತ್ತೆ. ಭಾಷೆ ಬಗ್ಗೆ ತಲೆ ಕೆಡಿಸ್ಕೊಬೇಡಿ, ಕೆಜಿಎಫ್‌ನಲ್ಲಿ ತಮಿಳು, ಹಳ್ಳಿ ಕಡೆ ತೆಲುಗು ಜಾಸ್ತಿ, ಆದ್ರೆ ಕನ್ನಡದಲ್ಲಿ ಕೇಳಿದ್ರೆ ಮೂರನ್ನೂ ಸೇರಿಸಿ ಉತ್ತರ ಕೊಡ್ತಾರೆ, ದಾರಿಯಂತೂ ತಪ್ಪಲ್ಲ.

ಸ್ಟೆಪ್ 9: ವಾಪಸ್

ಕತ್ತಲಾಗೋಕೆ ಮುಂಚೆ ಬೇತಮಂಗಲ ಬಿಡಿ, ಹಳ್ಳಿ ಕಡೆ ಬಸ್ಸು ಸಂಜೆ ಮೇಲೆ ಕಮ್ಮಿ ಆಗ್ತವೆ. ಕೊನೇ ಬಸ್ಸು ಎಷ್ಟೊತ್ತಿಗೆ ಅಂತ ಬೆಳಗ್ಗೆ ಇಳಿಯುವಾಗ್ಲೇ ಕಂಡಕ್ಟರ್‌ನ ಕೇಳಿಟ್ಕೊಂಡಿರಿ. ರೈಲಿನವರು ಬಂಗಾರಪೇಟೆಗೆ ಅರ್ಧ ಗಂಟೆ ಮುಂಚೆ ಬನ್ನಿ, ಸ್ಟೇಷನ್ ಹೊರಗೆ ಊರೊಳಗೆ ಬಂಗಾರಪೇಟೆ ಪಾನಿಪೂರಿ ಸಿಗತ್ತೆ, ಇದರ ಪಾನಿ ಹಸಿರಾಗಿರಲ್ಲ, ಕುಡಿಯೋ ನೀರಿನಷ್ಟು ತಿಳಿಯಾಗಿರತ್ತೆ, ಖಾರ ಇರಲ್ಲ ಅಂದ್ಕೊಂಡು ಮೊದಲನೇದನ್ನ ಜೋರಾಗಿ ಬಾಯಿಗೆ ಹಾಕ್ಕೊಂಡೋರು ಕೆಮ್ಮಿದ್ದೇ ಕೆಮ್ಮಿದ್ದು. ಒಂದು ಪ್ಲೇಟ್ ಆದ್ಮೇಲೆ ಇನ್ನೊಂದು ಬೇಕು ಅನ್ಸತ್ತೆ, ಟಿಕೆಟ್ ಮೊದ್ಲೇ ತಗೊಂಡಿರಿ.